ಎಷ್ಟು ಕೊಡಬಲ್ಲಿರಿ?

ಅರಸೀಕೆರೆ ತಾಲ್ಲೂಕಿನ ಒಂದು ಸಣ್ಣ ಊರಿನಲ್ಲಿ ಪೋಸ್ಟ್‌ಮಾಸ್ಟರರಾಗಿರುವ ನನ್ನ ಭಾವನವರು ೨೮ ವರ್ಷಗಳಿಂದ ಪರರ ಅರ್ಜಿಗಳನ್ನು ತುಂಬಿಕೊಡುತ್ತ ಬಂದವರು. ಮನಿಯಾರ್ಡರ್ ಫಾರಂ ಇರಲಿ, ಉಳಿತಾಯ ಖಾತೆಯದಿರಲಿ, ವೃದ್ಧಾಪ್ಯ ವೇತನದ ಕಾಗದವಿರಲಿ, ಓದುಬರಹ ಬಾರದವರು ಅವರ ಕಿಟಕಿಯ ಮುಂದೆ ಬಂದು ನಿಂತರೆ ಕೆಲಸವಾಯಿತೆಂದೇ ಲೆಕ್ಕ. ಅಂತಹವರು ೨೦೨೪ರ ನವೆಂಬರ್ ತಿಂಗಳ ಒಂದು ರಾತ್ರಿ, ಸ್ವಂತ ಮಗಳ ಅರ್ಜಿಯ ಒಂದೇ ಒಂದು ಪ್ರಶ್ನೆಯ ಮುಂದೆ ಕೈಕಟ್ಟಿ ಕುಳಿತುಬಿಟ್ಟರು. ಅರ್ಜಿ ಅಮೆರಿಕದ ಕಾಲೇಜುಗಳಿಗೆ ಹೋಗಬೇಕಾದದ್ದು. ಪ್ರಶ್ನೆಯಾದರೋ ಬಹು ಸರಳ: ಮಗಳ ವ್ಯಾಸಂಗಕ್ಕಾಗಿ ನಿಮ್ಮ ಕುಟುಂಬವು ವರ್ಷವೊಂದಕ್ಕೆ ಎಷ್ಟು ಹಣ ಕೊಡಬಲ್ಲದು?

ಆ ಅಂಕಣದಲ್ಲಿ ಒಂದು ಅಂಕಿ ಬೀಳಲು ಮೂರು ರಾತ್ರಿ ಹಿಡಿಯಿತು. ಬೆಂಗಳೂರಿನಿಂದ ಹೋಗಿದ್ದ ನಾನು ಆ ಮೂರು ರಾತ್ರಿಗಳಿಗೂ ಸಾಕ್ಷಿ. ಹನ್ನೆರಡನೆಯ ತರಗತಿ ಮುಗಿಯುವ ಮೊದಲೇ ಅಮೆರಿಕದ ಕನಸು ಕಾಣುವ ಮಕ್ಕಳು ಈಗ ನಮ್ಮ ನಿಮ್ಮ ಮನೆಗಳಲ್ಲಿ ಹಲವರಿದ್ದಾರೆ. ಅವರ ತಂದೆತಾಯಿಗಳೂ ಒಂದಲ್ಲ ಒಂದು ರಾತ್ರಿ ಇದೇ ಪ್ರಶ್ನೆಯ ಮುಂದೆ ಕೂರಬೇಕಾದವರೇ ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಲೆಕ್ಕವನ್ನು ನೋಡೋಣ. ಅಮೆರಿಕದ ಹೆಸರಾಂತ ಖಾಸಗಿ ಕಾಲೇಜುಗಳಲ್ಲಿ ಬೋಧನಾ ಶುಲ್ಕ, ವಸತಿ, ಊಟ ಎಲ್ಲ ಸೇರಿ ೨೦೨೫ರ ವೇಳೆಗೆ ವರ್ಷಕ್ಕೆ ಸುಮಾರು ೯೦ ಸಾವಿರ ಡಾಲರ್ ಆಗುತ್ತಿತ್ತು. ಡಾಲರಿಗೆ ೮೫ ರೂಪಾಯಿಯಂತೆ ಹಿಡಿದರೂ ಅದು ಮುಕ್ಕಾಲು ಕೋಟಿಯನ್ನು ಮೀರುತ್ತದೆ. ಭಾವನವರ ಕೈಗೆ ಬರುವ ತಿಂಗಳ ಸಂಬಳ ೬೮ ಸಾವಿರ. ಒಂದು ಕಾಸನ್ನೂ ಖರ್ಚುಮಾಡದೆ ಒಂಬತ್ತು ವರ್ಷ ಕೂಡಿಟ್ಟರೂ ಮಗಳ ಒಂದು ವರ್ಷದ ಓದಿಗೆ ಸಾಲದು. ಪದವಿ ಮುಗಿಯಲು ಬೇಕಾದದ್ದು ನಾಲ್ಕು ವರ್ಷ! ಸಾಮಾನ್ಯನಾದವನು ಇಲ್ಲಿಗೇ ಪುಸ್ತಕ ಮುಚ್ಚಿಡಬೇಕು. ಆದರೆ ಹುಡುಗಿ ಮುಚ್ಚಿಡಲಿಲ್ಲ.

“ಮಾವ, ಆ ದರವನ್ನು ಎಲ್ಲರೂ ಕೊಡುವುದಿಲ್ಲ” ಎಂದಳು. ಅವಳ ಮಾತಿನಲ್ಲಿ ಸತ್ಯವಿತ್ತು.

ಹಿಂದಿನವರು ಅಮೆರಿಕಕ್ಕೆ ಹೋದ ಬಗೆಯೇ ಬೇರೆ. ೧೯೧೩ರಲ್ಲಿ ಡಾ. ಅಂಬೇಡ್ಕರ್ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದ. ನಮ್ಮ ಮೈಸೂರಿನ ಎ. ಕೆ. ರಾಮಾನುಜನ್ ಅವರು ೧೯೫೯ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯ ಸೇರಿದ್ದು ಫುಲ್‌ಬ್ರೈಟ್ ನೆರವಿನಿಂದ. ಇವರೆಲ್ಲ ಇಲ್ಲಿ ಪದವಿ ಮುಗಿಸಿ, ಇನ್ನೂ ಮೇಲಿನ ಓದಿಗೆ ಹೋದವರು. ಇಂದಿಗೂ ಪಿಎಚ್.ಡಿ.ಗೆ ಹೋಗುವವನಿಗೆ ಸಂಶೋಧನೆಯಲ್ಲೋ ಬೋಧನೆಯಲ್ಲೋ ಸಹಾಯಕನಾಗಿ ದುಡಿದು ಶುಲ್ಕ ಮತ್ತು ಜೀವನವೇತನ ಪಡೆಯುವ ದಾರಿಯುಂಟು. ಆದರೆ ಹದಿನೆಂಟರ ಹುಡುಗಿ ಬಿ.ಎ. ಓದಲು ಹೋಗುವುದೆಂದರೆ ಹಣ ಬರುವ ಮೂಲವೇ ಬೇರೆ, ಅದಕ್ಕೆ ಹಾಕುವ ಅಳತೆಯೂ ಬೇರೆ. ಅಮೆರಿಕ ಸರ್ಕಾರವು ತನ್ನ ವಿದ್ಯಾರ್ಥಿಗಳಿಗೆ ಕೊಡುವ ನೆರವು ಪರದೇಶದವರಿಗೆ ಸಿಕ್ಕದು. ರಾಜ್ಯ ವಿಶ್ವವಿದ್ಯಾಲಯಗಳು ಆಯಾ ರಾಜ್ಯದವರ ತೆರಿಗೆಯಿಂದ ಬೆಳೆದವು; ಹೊರದೇಶದ ಹುಡುಗನ ಬಡತನ ನೋಡಿ ಅವು ಹಣ ಕೊಡುವುದು ತೀರ ವಿರಳ. ಉಳಿದದ್ದು ಖಾಸಗಿ ಕಾಲೇಜುಗಳ ಸ್ವಂತ ಬೊಕ್ಕಸ.

ಆ ಬೊಕ್ಕಸಗಳ ಕಥೆ ಸ್ವಾರಸ್ಯವಾದದ್ದು. ಅಯೋವಾ ರಾಜ್ಯದಲ್ಲಿ ಗ್ರಿನೆಲ್ ಎಂಬ ಪುಟ್ಟ ಊರಿದೆ. ಜನಸಂಖ್ಯೆ ಹತ್ತು ಸಾವಿರ ದಾಟದು. ಸುತ್ತ ಜೋಳದ ಹೊಲಗಳು. ಅಲ್ಲಿನ ಗ್ರಿನೆಲ್ ಕಾಲೇಜಿನಲ್ಲಿ ಓದಿದ ರಾಬರ್ಟ್ ನಾಯ್ಸ್ ಎಂಬಾತ ೧೯೬೮ರಲ್ಲಿ ಮತ್ತೊಬ್ಬರೊಡನೆ ಸೇರಿ ಒಂದು ಕಂಪೆನಿ ಆರಂಭಿಸಿದಾಗ, ಕಾಲೇಜು ತನ್ನ ನಿಧಿಯಿಂದ ಸ್ವಲ್ಪ ಹಣವನ್ನು ಅದರಲ್ಲಿ ತೊಡಗಿಸಿತು. ಕಂಪೆನಿಯ ಹೆಸರು ಇಂಟೆಲ್! ಅದೇ ಕಾಲದಿಂದ ಹಲವು ವರ್ಷ ಈ ಕಾಲೇಜಿನ ಧರ್ಮದರ್ಶಿಗಳಲ್ಲಿ ಒಬ್ಬರಾಗಿದ್ದವರು ವಾರನ್ ಬಫೆಟ್. ಹೀಗೆ ಬೆಳೆದ ಶಾಶ್ವತ ನಿಧಿ ಇಂದು ೨೦೦ ಕೋಟಿ ಡಾಲರುಗಳಿಗೂ ಮಿಗಿಲು. ಜೋಳದ ಹೊಲಗಳ ನಡುವಣ ಕಾಲೇಜೊಂದು ಪರದೇಶದ ಬಡ ವಿದ್ಯಾರ್ಥಿಯ ವೆಚ್ಚ ಹೊರಬಲ್ಲುದು ಈ ಬಡ್ಡಿಯಿಂದ. ನಮ್ಮ ದೇಶದವರೂ ಇಂತಹ ನಿಧಿಗೆ ಸೇರಿಸಿದ್ದುಂಟು: ೨೦೦೮ರಲ್ಲಿ ಟಾಟಾ ದತ್ತಿಯು ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಕೊಟ್ಟ ೫ ಕೋಟಿ ಡಾಲರಿನಲ್ಲಿ ಅರ್ಧವನ್ನು ಭಾರತದಿಂದ ಬರುವ ಪದವಿ ವಿದ್ಯಾರ್ಥಿಗಳಿಗೆಂದೇ ಮೀಸಲಿಟ್ಟಿತು.

ಇನ್ನೊಂದು ಕಾಲೇಜು ಕೆಂಟಕಿ ರಾಜ್ಯದ ಬೆರಿಯಾ. ೧೮೫೫ರಲ್ಲಿ ಹುಟ್ಟಿದ್ದು. ಅಲ್ಲಿ ಬೋಧನಾ ಶುಲ್ಕವನ್ನು ಯಾರಿಂದಲೂ ಕೇಳುವುದಿಲ್ಲ. ಬದಲಿಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ವಾರಕ್ಕೆ ಕಡಮೆಯೆಂದರೆ ೧೦ ಗಂಟೆ ದುಡಿಯಲೇಬೇಕು. ಅಲ್ಲಿನ ವಿದ್ಯಾರ್ಥಿಗಳು ನೂರು ವರ್ಷಕ್ಕೂ ಹಿಂದಿನಿಂದ ಪೊರಕೆ ಕಟ್ಟಿ ಮಾರುತ್ತ ಬಂದಿದ್ದಾರೆಂದು ಕೇಳಿ ನನ್ನ ಅಕ್ಕ, “ಪೊರಕೆ ಕಟ್ಟುವುದಕ್ಕೆ ಅಷ್ಟು ದೂರ ಹೋಗಬೇಕೆ? ತೋಟದಲ್ಲಿ ಗರಿ ಬೇಕಾದಷ್ಟು ಬಿದ್ದಿದೆ” ಎಂದಳು. ಆದರೆ ಪರದೇಶದವರಿಗೆ ಅಲ್ಲಿರುವ ಸ್ಥಳಗಳು ವರ್ಷಕ್ಕೆ ಸುಮಾರು ೩೦ ಮಾತ್ರ; ಜಗತ್ತೆಲ್ಲ ಆ ಮೂವತ್ತಕ್ಕೆ ಕೈಚಾಚುತ್ತದೆ.

ಕುರುಡು ಬಾಗಿಲು, ಕಣ್ಣುಳ್ಳ ಬಾಗಿಲು

ಈಗ ಭಾವನವರ ಪ್ರಶ್ನೆಗೆ ಬರುತ್ತೇನೆ. ನೆರವು ಬೇಡುವ ಪರದೇಶದ ವಿದ್ಯಾರ್ಥಿಯನ್ನು ಅಮೆರಿಕದ ಕಾಲೇಜುಗಳು ಎರಡು ಬಗೆಯಲ್ಲಿ ಕಾಣುತ್ತವೆ. ಮೊದಲನೆಯದು ‘ನೀಡ್ ಬ್ಲೈಂಡ್’. ಎಂದರೆ, ಸೀಟು ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವಾಗ ಹುಡುಗನಿಗೆ ಹಣ ಬೇಕೆಂಬುದನ್ನು ನೋಡುವುದೇ ಇಲ್ಲ. ಸೀಟು ಸಿಕ್ಕಿದ ಮೇಲೆ ಕೊರತೆಯಷ್ಟನ್ನೂ ತುಂಬಿಕೊಡುತ್ತಾರೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂ.ಐ.ಟಿ., ಆಮ್ಹರ್ಸ್ಟ್ ಈ ಗುಂಪಿನವು. ೨೦೨೨ರಲ್ಲಿ ಡಾರ್ಟ್‌ಮತ್ ಮತ್ತು ಬೋಡನ್ ಕಾಲೇಜುಗಳೂ ಇದನ್ನು ಸಾರಿದವು. ಇಡೀ ದೇಶದಲ್ಲಿ ಎಣಿಸಿದರೂ ಹತ್ತರ ಆಸುಪಾಸು. ಕೇಳಲು ಇದು ಕಾಮಧೇನುವಿನಂತಿದ್ದರೂ ಕೊಟ್ಟಿಗೆಯ ಬಾಗಿಲು ಬಹಳ ಕಿರಿದು. ೨೦೨೪ರಲ್ಲಿ ಹಾರ್ವರ್ಡಿಗೆ ಅರ್ಜಿ ಹಾಕಿದವರು ೫೪ ಸಾವಿರ. ಒಳಗೆ ಹೋಗಲು ಕರೆ ಬಂದದ್ದು ೨ ಸಾವಿರಕ್ಕೂ ಕಡಮೆ ಮಂದಿಗೆ.

ಎರಡನೆಯದು ‘ನೀಡ್ ಅವೇರ್’. ಇಲ್ಲಿ ಬಾಗಿಲಿಗೆ ಕಣ್ಣುಂಟು. ಗ್ರಿನೆಲ್ ಮೊದಲಾದ ಬಹುಪಾಲು ಒಳ್ಳೆಯ ಕಾಲೇಜುಗಳು ಪರದೇಶದವರ ವಿಷಯದಲ್ಲಿ ಈ ವರ್ಗದವು. ಪರದೇಶದವರ ನೆರವಿಗೆಂದು ಇಷ್ಟು ಹಣ ಎಂದು ಪ್ರತಿವರ್ಷ ಎತ್ತಿಟ್ಟಿರುತ್ತಾರೆ. ಅದರೊಳಗೆ ಯಾರು ಯಾರನ್ನು ತೆಗೆದುಕೊಳ್ಳಬಹುದೆಂದು ನೋಡುವಾಗ, ಅಂಕಗಳ ಜೊತೆಗೆ, ಪ್ರಬಂಧದ ಜೊತೆಗೆ, ‘ಈಕೆಗೆ ನಾವು ಎಷ್ಟು ಕೊಡಬೇಕಾದೀತು’ ಎಂಬುದೂ ಮೇಜಿನ ಮೇಲಿರುತ್ತದೆ. ಸಮಾನರಾದ ಇಬ್ಬರಲ್ಲಿ ಒಬ್ಬಳ ತಂದೆ ೩೦ ಸಾವಿರ ಡಾಲರ್ ಕೊಡಬಲ್ಲನಾದರೆ, ಮತ್ತೊಬ್ಬಳ ತಂದೆ ೩ ಸಾವಿರ ಕೊಡಬಲ್ಲನಾದರೆ, ಮೊದಲನೆಯವಳ ಕಡೆಗೆ ತಕ್ಕಡಿ ವಾಲುವುದು ಸಹಜ.

ಇದನ್ನು ಕೇಳಿದಾಗ ಭಾವನವರ ಮುಖ ಕಪ್ಪಿಟ್ಟಿತು. “ಹಾಗಾದರೆ ಇದು ಅವಳ ಪರೀಕ್ಷೆಯಲ್ಲ, ನನ್ನ ಪರೀಕ್ಷೆ” ಎಂದರು.

ಅದು ಅನ್ಯಾಯವೆಂದು ನನಗೂ ತೋರಿತು. ಆದರೂ ಒಂದು ಮಾತನ್ನು ಹೇಳಲೇಬೇಕು. ಈ ಕಣ್ಣುಳ್ಳ ಕಾಲೇಜುಗಳಲ್ಲಿ ಹಲವು, ಒಮ್ಮೆ ಸೇರಿಸಿಕೊಂಡರೆ ಕೊರತೆಯನ್ನು ಪೂರ್ತಿಯಾಗಿ ತುಂಬುವ ಮಾತು ಕೊಡುತ್ತವೆ. ಅಂತಹ ಮಾತು ಕೊಡದೆ ಸೀಟನ್ನು ಮಾತ್ರ ಧಾರಾಳವಾಗಿ ಕೊಡುವ ಕಾಲೇಜುಗಳೂ ಅಲ್ಲಿ ಸಾಕಷ್ಟಿವೆ. ಅರ್ಜಿ ಹಾಕುವ ಮೊದಲು ತಿಳಿಯಬೇಕಾದದ್ದು ಕಾಲೇಜಿನ ಹೆಸರು ಎಷ್ಟು ದೊಡ್ಡದು ಎಂಬುದಲ್ಲ, ಈ ಎರಡರಲ್ಲಿ ಅದು ಯಾವ ಜಾತಿಯದು ಎಂಬುದು.

ಪಹಣಿ ಇಂಗ್ಲಿಷಿಗೆ ಹೋದದ್ದು

ಹಣದ ವಿವರವನ್ನು ಕೇಳಲು ಹೆಚ್ಚಿನ ಕಾಲೇಜುಗಳು ಬಳಸುವುದು ಸಿ.ಎಸ್.ಎಸ್. ಪ್ರೊಫೈಲ್ ಎಂಬ ಅರ್ಜಿಯನ್ನು. ಮೊದಲ ಕಾಲೇಜಿಗೆ ೨೫ ಡಾಲರ್, ಆಮೇಲೆ ಒಂದೊಂದಕ್ಕೂ ೧೬ ಡಾಲರ್ ತೆರಬೇಕು. ಬಡತನವನ್ನು ಹೇಳಿಕೊಳ್ಳಲೂ ದುಡ್ಡು ಕೊಡಬೇಕಲ್ಲ ಎಂದು ಅಕ್ಕ ನಕ್ಕಳು. (ಕಾಲೇಜಿಗೇ ನೇರವಾಗಿ ಬರೆದು ಕೇಳಿದರೆ ಕೆಲವರು ಅರ್ಜಿ ಶುಲ್ಕವನ್ನು ಬಿಡುತ್ತಾರೆ, ಕೆಲವರು ಶುಲ್ಕವಿಲ್ಲದ ಬೇರೆ ಫಾರಂ ಒಪ್ಪುತ್ತಾರೆ. ಕೇಳುವುದರಲ್ಲಿ ಸಂಕೋಚ ಕೂಡದು. ನಮ್ಮವಳು ಹೀಗೆ ಬರೆದು ನಾಲ್ಕು ಕಡೆ ಶುಲ್ಕ ಉಳಿಸಿದಳು.)

ಈ ಅರ್ಜಿ ಸಂಬಳ, ಉಳಿತಾಯ, ಮನೆಯ ಬೆಲೆ, ಸಾಲ, ಉಳಿದ ಮಕ್ಕಳ ಓದಿನ ಖರ್ಚು ಎಲ್ಲವನ್ನೂ ಕೇಳುತ್ತದೆ. ಸಂಬಳಕ್ಕೆ ಫಾರಂ ೧೬ ಇತ್ತು, ತೊಂದರೆಯಾಗಲಿಲ್ಲ. ತೊಡಕಾದದ್ದು ಎರಡೂವರೆ ಎಕರೆ ತೆಂಗಿನ ತೋಟ. ಅದು ಭಾವನವರದೂ ಹೌದು, ಅವರ ಇಬ್ಬರು ತಮ್ಮಂದಿರದೂ ಹೌದು. ಪಹಣಿಯಾದರೋ ಎಂದೋ ತೀರಿಕೊಂಡ ತಾತನ ಹೆಸರಿನಲ್ಲೇ ಇತ್ತು. ಪೌತಿ ಖಾತೆ ಮಾಡಿಸಲು ಹತ್ತು ವರ್ಷಗಳಿಂದ ಯಾರಿಗೂ ಬಿಡುವಾಗಿರಲಿಲ್ಲ. ಇದನ್ನು ಆಸ್ತಿಯೆಂದು ಬರೆಯುವುದೇ? ಬರೆದರೆ ಎಷ್ಟೆಂದು? ಒಂದು ವರ್ಷ ಕಾಯಿಗೆ ಬೆಲೆ ಬಂದರೆ ಮರುವರ್ಷ ನುಸಿ ಹಿಡಿಯುತ್ತದೆ. ತಮ್ಮನ ಮಗನ ಡಿಪ್ಲೊಮಾ ಶುಲ್ಕವನ್ನು ಕಟ್ಟುತ್ತಿದ್ದವರು ಭಾವನವರು. ಅದಕ್ಕೆ ಅರ್ಜಿಯಲ್ಲಿ ಅಂಕಣವೇ ಇಲ್ಲ. ತಂದೆ, ತಾಯಿ, ಮಕ್ಕಳು ಇಷ್ಟೇ ಕುಟುಂಬವೆಂದು ಆ ಅರ್ಜಿಯ ನಂಬಿಕೆ. ಒಟ್ಟು ಕುಟುಂಬವೆಂಬುದನ್ನು ಅದು ಕಂಡಿಲ್ಲ.

ಆದರೆ ಕೊನೆಯಲ್ಲಿ ‘ವಿಶೇಷ ಪರಿಸ್ಥಿತಿಗಳಿದ್ದರೆ ವಿವರಿಸಿ’ ಎಂದು ಸ್ವಲ್ಪ ಜಾಗ ಬಿಟ್ಟಿರುತ್ತಾರೆ. ನಮ್ಮಂತಹವರ ಬದುಕೆಲ್ಲ ಇರುವುದು ಆ ಜಾಗದಲ್ಲಿ. ಪಹಣಿಯನ್ನು ಇಂಗ್ಲಿಷಿಗೆ ಮಾಡಿಸಿ ನೋಟರಿಯಿಂದ ಮುದ್ರೆ ಹಾಕಿಸಿದೆವು. ತೋಟದಲ್ಲಿ ತಮ್ಮ ಪಾಲು ಮೂರರಲ್ಲೊಂದು, ಅದರ ಸರಾಸರಿ ಆದಾಯ ಇಷ್ಟು, ತಮ್ಮನ ಮಗನಿಗೆ ಕಟ್ಟುತ್ತಿರುವುದು ಇಷ್ಟು ಎಂದು ಭಾವನವರೇ ಇಂಗ್ಲಿಷಿನಲ್ಲಿ ಬರೆದರು. ಅಂಚೆ ಇಲಾಖೆಯ ಇಂಗ್ಲಿಷ್. ಮೊದಲ ಸಾಲಿನಲ್ಲೇ ‘ವಿನಮ್ರನಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ’ ಎಂಬ ಅರ್ಥದ ಮಾತು. ಮಗಳು ತಿದ್ದಹೊರಟಳು. ನಾನು ಬೇಡವೆಂದೆ.

ಮೂರನೆಯ ರಾತ್ರಿ

ಇಷ್ಟೆಲ್ಲ ಆದರೂ ಆ ಒಂದು ಅಂಕಣ ಖಾಲಿಯಾಗಿಯೇ ಉಳಿದಿತ್ತು. ಹೊಟ್ಟೆಬಟ್ಟೆ ಕಟ್ಟಿದರೆ ವರ್ಷಕ್ಕೆ ೩ ಸಾವಿರ ಡಾಲರ್, ಎಂದರೆ ಎರಡೂವರೆ ಲಕ್ಷ ರೂಪಾಯಿ ಕೊಡಬಹುದೆಂದು ಲೆಕ್ಕ ಹೇಳುತ್ತಿತ್ತು. ಬಲ್ಲವರೆನಿಸಿದ ಒಬ್ಬರು ಬೇರೆ ಉಪಾಯ ಹೇಳಿಕೊಟ್ಟಿದ್ದರು: “೨೫ ಸಾವಿರವೆಂದು ಬರೆಯಿರಿ. ಸೀಟು ಸಿಗಲಿ. ಮೊದಲ ವರ್ಷಕ್ಕೆ ಹೇಗೋ ಸಾಲ ತೆಗೆಯಿರಿ. ಆಮೇಲೆ ಕಷ್ಟ ಹೇಳಿಕೊಂಡರೆ ಅವರು ಹುಡುಗಿಯನ್ನು ಹೊರಗೆ ಹಾಕುತ್ತಾರೆಯೆ?”

ಹಾಕುತ್ತಾರೆ ಎಂಬುದೇ ಉತ್ತರ. ಪರದೇಶದ ವಿದ್ಯಾರ್ಥಿ ಸೇರುವಾಗ ನೆರವು ಕೇಳದಿದ್ದರೆ ಮುಂದಿನ ವರ್ಷಗಳಲ್ಲಿ ಕೇಳುವಂತಿಲ್ಲವೆಂದು ಅನೇಕ ಕಾಲೇಜುಗಳು ಮೊದಲೇ ಬರೆದಿಟ್ಟಿರುತ್ತವೆ. ಕಡಮೆ ಕೇಳಿದವರಿಗೂ, ಮನೆಯಲ್ಲಿ ದೊಡ್ಡ ಆಪತ್ತು ಬಂದ ಹೊರತು, ಮೊದಲ ವರ್ಷದ ಲೆಕ್ಕವೇ ಲೆಕ್ಕ. ಹೊರಗೆ ದುಡಿದು ತುಂಬಿಕೊಳ್ಳೋಣವೆಂದರೆ, ವಿದ್ಯಾರ್ಥಿ ವೀಸಾದವರು ಪಾಠದ ದಿನಗಳಲ್ಲಿ ಕಾಲೇಜಿನ ಆವರಣದೊಳಗೆ ವಾರಕ್ಕೆ ೨೦ ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಎರಡನೆಯ ವರ್ಷ ಪೆಟ್ಟಿಗೆ ಕಟ್ಟಿಕೊಂಡು, ಮುಗಿಯದ ಪದವಿ ಮತ್ತು ಮುಗಿಯದ ಸಾಲದೊಡನೆ ಹಿಂದಿರುಗುವುದಷ್ಟೇ ಉಳಿಯುತ್ತದೆ.

ಇನ್ನೊಂದು ಉಪಾಯ ಬಂದದ್ದು ಒಬ್ಬ ದಲ್ಲಾಳಿಯಿಂದ. ಪೂರ್ತಿ ವಿದ್ಯಾರ್ಥಿವೇತನ ಕೊಡಿಸುವೆನೆಂದು ೪ ಲಕ್ಷ ಕೇಳಿದ ಈ ಮಹಾಶಯನು ತೋಟದ ಸುದ್ದಿಯನ್ನೇ ಎತ್ತಬೇಡಿ ಎಂದ. ಬೇಕಾದರೆ ಸಂಬಳದ ಕಾಗದವನ್ನೂ ‘ಸರಿಮಾಡಿ’ ಕೊಡುವೆನೆಂದ. ಇಂತಹ ಸರಿಮಾಡುವಿಕೆ ಎಲ್ಲಿಗೆ ಮುಟ್ಟಿಸುತ್ತದೆಂಬುದು ೨೦೨೪ರಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದಲ್ಲಿ ಬಯಲಾಗಿತ್ತು. ಭಾರತದಿಂದ ಹೋದ ತರುಣನೊಬ್ಬ ಅಂಕಪಟ್ಟಿಯನ್ನು ಮಾತ್ರವಲ್ಲದೆ, ಬದುಕಿದ್ದ ತಂದೆಯ ಮರಣ ಪತ್ರವನ್ನೂ ಸೃಷ್ಟಿಸಿ ಪೂರ್ತಿ ನೆರವು ಪಡೆದಿದ್ದ. ಅವನು ಸಿಕ್ಕಿಬಿದ್ದದ್ದು ತಾನೇ ಅಂತರ್ಜಾಲದಲ್ಲಿ ಹೆಸರು ಮರೆಸಿ ಬರೆದುಕೊಂಡ ಜಂಬದಿಂದ. ಸುಳ್ಳು ದಾಖಲೆಯ ಅಪರಾಧವನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡು ಅವನು ದೇಶಕ್ಕೆ ಹಿಂದಿರುಗಬೇಕಾಯಿತು. ಸುದ್ದಿಯನ್ನು ನಾನು ಓದಿ ಹೇಳಿದಾಗ ಭಾವನವರು ಹುಡುಗನ ವಿಷಯ ಕೇಳಲಿಲ್ಲ. “ಆ ತಂದೆಗೆ ಇದು ಗೊತ್ತಾದದ್ದು ಹೇಗಂತೆ?” ಎಂದರು. ಅದು ಪತ್ರಿಕೆಯಲ್ಲಿರಲಿಲ್ಲ.

ದಲ್ಲಾಳಿಯ ಬದಲು, ಅಮೆರಿಕ ಸರ್ಕಾರದ ಬೆಂಬಲದಿಂದ ನಮ್ಮ ದೇಶದ ಕೆಲವು ನಗರಗಳಲ್ಲಿ ನಡೆಯುವ ಎಜುಕೇಶನ್ ಯು.ಎಸ್.ಎ. ಸಲಹಾ ಕೇಂದ್ರಗಳನ್ನು ಕಾಣುವುದು ಲೇಸು. ಅವರು ಸೀಟು ಕೊಡಿಸುವುದಿಲ್ಲ. ಆದರೆ ಯಾವ ಕಾಲೇಜು ಎಂತಹದು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಮೂರನೆಯ ರಾತ್ರಿ ಹುಡುಗಿ ತಂದೆಯ ಪಕ್ಕದಲ್ಲಿ ಬಂದು ಕುಳಿತಳು. “ಅಪ್ಪ, ಮೂರು ಸಾವಿರವೆಂದೇ ಬರೆಯಿರಿ. ಅದಕ್ಕೆ ಒಪ್ಪುವವರು ಸಿಕ್ಕಿದರೆ ಹೋಗುತ್ತೇನೆ. ಇಲ್ಲದಿದ್ದರೆ ಮೈಸೂರಿನಲ್ಲಿ ಬಿ.ಎಸ್‌ಸಿ. ಇದ್ದೇ ಇದೆ.” ಭಾವನವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಅಂಕಿಯನ್ನು ತಾವೇ ಒತ್ತಿದರು. ಒಂದು ಮೂರು, ಮೂರು ಸೊನ್ನೆ.

ಒಂಬತ್ತು ಕಾಲೇಜುಗಳಿಗೆ ಅರ್ಜಿ ಹೋಯಿತು. ಜನವರಿಯ ಮೊದಲ ವಾರದಲ್ಲಿ ಕೊನೆಯದು. ಮಾರ್ಚ್ ಮುಗಿಯುತ್ತ ಬಂದಂತೆ ಉತ್ತರಗಳು ಮಧ್ಯರಾತ್ರಿಯ ಹೊತ್ತಿಗೆ ಒಂದೊಂದಾಗಿ ಬಂದವು. ಆರು ಕಡೆ ಇಲ್ಲ. ಒಂದು ಕಡೆ ಕಾಯುವವರ ಪಟ್ಟಿ. ಎಂಟನೆಯದು ಸೀಟು ಕೊಟ್ಟಿತು! ಮನೆಯೆಲ್ಲ ಎದ್ದು ಕುಳಿತಿತು. ಅಕ್ಕ ದೇವರಿಗೆ ದೀಪ ಹಚ್ಚಿದಳು. ಹುಡುಗಿ ಎರಡನೆಯ ಪುಟ ತೆರೆದಳು. ವಿದ್ಯಾರ್ಥಿವೇತನ ೧೫ ಸಾವಿರ ಡಾಲರ್. ಉಳಿದ ೫೦ ಸಾವಿರವನ್ನು ಕುಟುಂಬವು ಒದಗಿಸತಕ್ಕದ್ದು. ಆ ಕಾಲೇಜಿಗೆ ಧನ್ಯವಾದ ತಿಳಿಸಿ ಬೇಡವೆಂದು ಬರೆಯುವ ಕಷ್ಟ, ಆರು ಕಡೆಯ ನಿರಾಕರಣೆಗಿಂತ ದೊಡ್ಡದಾಗಿತ್ತು. ಹಚ್ಚಿದ ದೀಪವನ್ನು ಯಾರೂ ಆರಿಸಲಿಲ್ಲ, ಅದೇ ಆರಿತು.

ಒಂಬತ್ತನೆಯದು ನಾಲ್ಕು ದಿನದ ಮೇಲೆ ಬಂತು. ಮಧ್ಯಪಶ್ಚಿಮದ ಒಂದು ಸಣ್ಣ ಕಾಲೇಜು. ಈ ಸಲ ಅವಳು ಎರಡನೆಯ ಪುಟವನ್ನೇ ಮೊದಲು ನೋಡಿದಳು. ಒಟ್ಟು ವೆಚ್ಚ ೮೪,೦೦೦ ಡಾಲರ್. ಕಾಲೇಜಿನ ಕೊಡುಗೆ ೭೭,೫೦೦. ಆವರಣದ ಕೆಲಸದಿಂದ ಅವಳೇ ದುಡಿಯಬೇಕಾದದ್ದು ೨,೫೦೦. ಕಾಲೇಜಿನಿಂದ ಸಾಲ ೧,೦೦೦. ಕುಟುಂಬದ ಪಾಲು ೩,೦೦೦. ಅಂಚೆ ಇಲಾಖೆಯ ಇಂಗ್ಲಿಷನ್ನು ಅಲ್ಲಿ ಯಾರೋ ಓದಿ ನಂಬಿದ್ದರು.

ಆಮೇಲಿನ ಆತಂಕ ಬೇರೆ ಬಗೆಯದು. ೨೦೨೫ರ ಮೇ ೨೭ರಂದು ಅಮೆರಿಕ ಸರ್ಕಾರವು ಹೊಸ ವಿದ್ಯಾರ್ಥಿ ವೀಸಾ ಸಂದರ್ಶನಗಳಿಗೆ ದಿನ ಕೊಡುವುದನ್ನೇ ನಿಲ್ಲಿಸಿಬಿಟ್ಟಿತು. ಮೂರು ವಾರ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ. ಜೂನ್ ೧೮ರಂದು ಮತ್ತೆ ಆರಂಭಿಸಿದಾಗ, ಅರ್ಜಿದಾರರು ಸಾಮಾಜಿಕ ಜಾಲತಾಣಗಳ ತಮ್ಮ ಖಾತೆಗಳನ್ನೆಲ್ಲ ಸಾರ್ವಜನಿಕವಾಗಿ ತೆರೆದಿಡಬೇಕೆಂದರು. ನಮ್ಮವಳದು ಒಂದೇ ಖಾತೆ, ಅದರ ತುಂಬ ಬೆಕ್ಕಿನ ಚಿತ್ರಗಳು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ೨೦೨೫ರ ಜನವರಿಯಲ್ಲಿ ಉದ್ಘಾಟನೆಯಾಗಿದ್ದರೂ ವೀಸಾ ಕೆಲಸ ಕೂಡಲೇ ಆರಂಭವಾಗಿರಲಿಲ್ಲವಾಗಿ, ಜುಲೈನಲ್ಲಿ ಚೆನ್ನೈಗೆ ಹೋದೆವು. ಸಂದರ್ಶನ ಮೂರು ನಿಮಿಷ. ಹಣ ಯಾರು ಕೊಡುತ್ತಾರೆಂದು ಕೇಳಿದರು. ಅವಳು ಆ ಎರಡನೆಯ ಪುಟವನ್ನು ಮುಂದಿಟ್ಟಳು.

ಯಾರೂ ಮೊದಲೇ ಹೇಳದ ಒಂದು ಸಂಗತಿಯನ್ನು ಇಲ್ಲಿ ಹೇಳಿಬಿಡುತ್ತೇನೆ. ಬೋಧನಾ ಶುಲ್ಕಕ್ಕೆ ಮೀರಿ ಊಟ ವಸತಿಗೆ ದೊರೆಯುವ ನೆರವನ್ನು ಅಮೆರಿಕದ ಕಾನೂನು ಆದಾಯವೆಂದು ಎಣಿಸಿ, ಪರದೇಶದ ವಿದ್ಯಾರ್ಥಿಯಿಂದ ಶೇಕಡಾ ೧೪ರಂತೆ ತೆರಿಗೆ ಹಿಡಿಯುತ್ತದೆ. ನಮ್ಮವಳ ವಿಷಯದಲ್ಲಿ ಶುಲ್ಕ ೬೬ ಸಾವಿರ. ಅದಕ್ಕೆ ಮೀರಿದ ಕೊಡುಗೆ ೧೧,೫೦೦. ತೆರಿಗೆ ೧,೬೧೦ ಡಾಲರ್. ಭಾವನವರು ಮೂರು ರಾತ್ರಿ ಕುಳಿತು ಬರೆದ ಅಂಕಿಯ ಅರ್ಧಕ್ಕಿಂತ ಹೆಚ್ಚು! ಎರಡು ದೇಶಗಳ ನಡುವಣ ತೆರಿಗೆ ಒಪ್ಪಂದದಿಂದ ಭಾರತದ ವಿದ್ಯಾರ್ಥಿಗಳಿಗೆ ವಿಶೇಷ ವಿನಾಯಿತಿಯುಂಟು. ಮರುವರ್ಷ ಲೆಕ್ಕ ಸಲ್ಲಿಸಿದರೆ ಬಹುಭಾಗ ಹಿಂದಕ್ಕೆ ಬರಬಹುದು. ಆದರೆ ಮೊದಲು ಕೈಯಿಂದ ಕಟ್ಟಬೇಕು. ವಿಮಾನದ ದರ, ಚಳಿಗಾಲದ ಕೋಟು ಇವುಗಳ ಜೊತೆಗೆ ಇದನ್ನೂ ಬರೆದಿಟ್ಟುಕೊಳ್ಳಿ. ಭಾವನವರಿಗೆ ಆ ಹಣ ಬಂದದ್ದು ತಮ್ಮಂದಿರಿಂದ. ಆ ವರ್ಷದ ಕಾಯಿಯ ಹಣವನ್ನು ಇಬ್ಬರೂ ಪಾಲು ಕೇಳದೆ ತಂದುಕೊಟ್ಟರು.

ಆಗಸ್ಟಿನಲ್ಲಿ ಹುಡುಗಿ ಹೋದಳು. ಕಾಲೇಜಿನವರು ಅವಳಿಗೆ ಕೊಟ್ಟ ಕೆಲಸ, ವಿದ್ಯಾರ್ಥಿಗಳಿಗೆ ಬರುವ ಕಾಗದ ಮತ್ತು ಪಾರ್ಸಲ್‌ಗಳನ್ನು ವಿಂಗಡಿಸಿ ಹಂಚುವುದು. ಫೋನಿನಲ್ಲಿ ಇದನ್ನು ಕೇಳಿದ ಭಾವನವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಗಂಟಲು ಸರಿಮಾಡಿಕೊಂಡು, “ಪಾರ್ಸಲ್ ಕೊಡುವಾಗ ರುಜು ಹಾಕಿಸಿಕೊಳ್ಳುತ್ತೀಯಷ್ಟೆ?” ಎಂದು ಕೇಳಿದರು.